ಅಳಿವೆಯ ಹೂಳಿನಲ್ಲಿ ಹಳೆಯ ನೀರಿನ ಉಪ್ಪನ್ನು ಓದಿದ್ದು: ನನ್ನ ಅನುಭವ

ಹೂಳಿನ ಒಂದು ಹಂತಕ್ಕೆ, ಅಂದರೆ ಒಂದು ಆಳದ ತುಣುಕಿಗೆ, ಕನಿಷ್ಠ ಮುನ್ನೂರು ಏಕಕೋಶದ ಚಿಪ್ಪುಜೀವಿಗಳಾದ ಫೊರಾಮ್‌ಗಳನ್ನು ಎಣಿಸದೆ ಲವಣಾಂಶದ ಬಗ್ಗೆ ಮಾತನಾಡಬಾರದು ಎಂಬ ರೂಢಿ ನಮ್ಮಲ್ಲಿದೆ. ಆದ್ದರಿಂದ ಇಪ್ಪತ್ತೋ ಇಪ್ಪತ್ತೈದೋ ಆಸ್ಟ್ರಕಾಡ್ (ಎರಡು ಕವಾಟಗಳ ಚಿಪ್ಪಿನೊಳಗೆ ಬದುಕುವ, ಸೀಗಡಿಯ ದೂರದ ಬಂಧುವಾದ ಸಣ್ಣ ಜೀವಿ) ಚಿಪ್ಪುಗಳನ್ನು ಮುಂದಿಟ್ಟುಕೊಂಡು ಅಳಿವೆಯ ಹಳೆಯ ನೀರಿನ ಸ್ಥಿತಿಯನ್ನು ಹೇಳುತ್ತೇನೆಂದು ನಾನು ಹೊರಟಾಗ, ಜೊತೆಯವರು ಯಾರೂ ಒಪ್ಪಲಿಲ್ಲ. ಎಂಟು ವರ್ಷಗಳ ಬಳಿಕ ಆ ವಿಧಾನ ಫಲ ಕೊಟ್ಟಿದೆ. ಕೋರ್ (ಕೊಳವೆ ಇಳಿಸಿ ತೆಗೆದ ಹೂಳಿನ ಉದ್ದನೆಯ ಮಾದರಿ) ತೆಗೆಯುವುದು, ಜರಡಿ ಹಿಡಿಯುವುದು, ಎಣಿಸುವುದು ಓದುಗರಿಗೆ ಗೊತ್ತಿರುವ ಕೆಲಸಗಳಾದ್ದರಿಂದ ನಾನು ಎಡವಿದ ಜಾಗಗಳನ್ನೇ ಹೆಚ್ಚಾಗಿ ಬರೆಯುತ್ತಿದ್ದೇನೆ.

ಮೊದಲ ಕೋರ್ ನನ್ನ ಕೈಯಲ್ಲೇ ಹಾಳಾಯಿತು. ಕೊಳವೆಯನ್ನು ಮೂರು ಮೀಟರ್ ಇಳಿಸಿದ್ದೆವು. ಕೆಸರು ಒತ್ತಿಕೊಂಡು ಸುಮಾರು 2.4 ಮೀಟರ್ ಮಾತ್ರ ಮೇಲೆ ಬಂತು. ಅದನ್ನು ಉದ್ದಕ್ಕೆ ಸೀಳಿ, ಒಂದು ಅರ್ಧವನ್ನು ತಕ್ಷಣ ಎಣಿಸಿ, ಇನ್ನೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ 4 ಡಿಗ್ರಿಯ ಶೀತಕೋಣೆಯಲ್ಲಿಟ್ಟೆ. ಏಳು ತಿಂಗಳ ನಂತರ ತೆರೆದಾಗ, ಮೊದಲ ಅರ್ಧದಲ್ಲಿ ಚಿಪ್ಪು ತುಂಬಿದ್ದ ಆಳದಲ್ಲೇ ಈಗ ಕಂದು ಬಣ್ಣದ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಳಪೊರೆಗಳು ಮಾತ್ರ ಉಳಿದಿದ್ದವು. ಸೀಳಿದ ಮುಖದ ಮೇಲೆ ಜಿಪ್ಸಮ್ಮಿನ ಸಣ್ಣ ಹರಳುಗಳು ಮಿನುಗುತ್ತಿದ್ದವು. ಕೆಸರಿನಲ್ಲಿದ್ದ ಪೈರೈಟ್ ಗಾಳಿ ತಾಗಿ ಗಂಧಕಾಮ್ಲವಾಗಿ ಚಿಪ್ಪುಗಳನ್ನು ಕರಗಿಸಿತ್ತು. ಆ ಎರಡನೆಯ ಅರ್ಧವನ್ನಷ್ಟೇ ನೋಡಿದ್ದರೆ, ಇಲ್ಲಿ ಸುಣ್ಣದ ಚಿಪ್ಪಿನ ಜೀವಿಗಳೇ ಇರಲಿಲ್ಲವೆಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆ.

ಈ ನಷ್ಟ ಎಷ್ಟು ಬೇಗ ಆಗುತ್ತದೆಂದು ತಿಳಿಯದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಒಂದೇ ಮುದ್ದೆಯ ಕೆಸರನ್ನು ಐದು ಪಾಲು ಮಾಡಿ, ಕೆಲವನ್ನು ತೇವವಾಗಿ ತೆರೆದಿಟ್ಟೆ, ಒಂದನ್ನು ನೈಟ್ರೋಜನ್ ತುಂಬಿ ಮುಚ್ಚಿದೆ, ಒಂದನ್ನು ಅಂದೇ ಜರಡಿ ಹಿಡಿದು ಒಣಗಿಸಿದೆ. ತೆರೆದಿಟ್ಟ ಪಾಲಿನಲ್ಲಿ ಮೂರನೆಯ ವಾರಕ್ಕೆ ಮೂರರಲ್ಲೊಂದು ಭಾಗ ಚಿಪ್ಪು ಹೋಗಿತ್ತು. ಹನ್ನೊಂದನೆಯ ವಾರಕ್ಕೆ ಎಣಿಸಲು ಏನೂ ಉಳಿದಿರಲಿಲ್ಲ. ಅಂದೇ ಒಣಗಿಸಿದ ಪಾಲು ಎರಡು ವರ್ಷಗಳ ಮೇಲೂ ಹಾಗೆಯೇ ಇದೆ. ಅಂದಿನಿಂದ ಕೋರ್ ಸೀಳಿದ ಎರಡು ದಿನಗಳೊಳಗೆ ಜರಡಿಯ ಕೆಲಸ ಮುಗಿಸದೆ ನಾನು ಮನೆಗೆ ಹೋಗುವುದಿಲ್ಲ.

ಎರಡನೆಯ ತೊಡಕು ಗಾಜಿನಂಥ ಕವಚದ ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳಿಂದ ಬಂತು. ಒಂದೇ ಚಮಚ ಕೆಸರಿನಲ್ಲಿ ಸಮುದ್ರದ ಪರಾಲಿಯಾ ಸಲ್ಕಾಟಾ ಮತ್ತು ಸಿಹಿನೀರಿನ ಔಲಾಕೊಸೈರಾ ಒಟ್ಟಿಗೆ ಸಿಗುತ್ತಿದ್ದವು. ಒಂದನ್ನು ಉಬ್ಬರ ತಂದು ಹಾಕಿದೆ, ಇನ್ನೊಂದನ್ನು ನೆರೆ ತಂದು ಹಾಕಿದೆ. ಇವೆರಡನ್ನೂ ಎಣಿಕೆಯಿಂದ ಲವಣಾಂಶ ಲೆಕ್ಕ ಹಾಕುವ ಸೂತ್ರಕ್ಕೆ ಹಾಕಿದರೆ ಲವಣಾಂಶ ಸಾವಿರಕ್ಕೆ 15 ಎಂಬ ಅಂದವಾದ ಸಂಖ್ಯೆ ಬರುತ್ತದೆ, ಆದರೆ ಆ ಜಾಗದಲ್ಲಿ ಅಂಥ ನೀರು ಒಂದು ದಿನವೂ ನಿಂತಿರಲಿಕ್ಕಿಲ್ಲ. ಅಲ್ಲಿಯೇ ಹುಟ್ಟಿ ಅಲ್ಲಿಯೇ ಸತ್ತದ್ದು ಯಾವುದು ಎಂದು ತೋರಿಸಿಕೊಡುವ ಜೀವಿ ನನಗೆ ಬೇಕಾಗಿತ್ತು, ಮತ್ತು ಆಸ್ಟ್ರಕಾಡ್ ಆ ಸಾಕ್ಷಿಯನ್ನು ಕೊಡುತ್ತದೆ. ಅದು ಎಂಟು ಮರಿ ಹಂತಗಳನ್ನು ದಾಟಿ ಬೆಳೆಯುತ್ತದೆ, ಪ್ರತಿ ಸಲವೂ ಹಳೆಯ ಚಿಪ್ಪನ್ನು ಕಳಚಿ ಬಿಡುತ್ತದೆ. ಸಣ್ಣ ಮರಿಯಿಂದ ಬಲಿತದ್ದರವರೆಗೆ ಎಲ್ಲ ಗಾತ್ರವೂ ಸಿಕ್ಕಿ, ಬಲಿತವುಗಳಲ್ಲಿ ಒಂದಷ್ಟರ ಎರಡೂ ಕವಾಟಗಳು ಮುಚ್ಚಿಕೊಂಡೇ ಇದ್ದರೆ, ಅವು ದೂರದಿಂದ ಉರುಳಿ ಬಂದವುಗಳಲ್ಲ ಎಂದು ಧೈರ್ಯವಾಗಿ ಹೇಳಬಹುದು. ಇದನ್ನು ಅರಿಯುವ ಮೊದಲು ನಾನು 150 ಮೈಕ್ರಾನಿನ ಜರಡಿ ಬಳಸಿ ಮರಿಗಳನ್ನೆಲ್ಲ ತೊಟ್ಟಿಗೆ ಚೆಲ್ಲಿದ್ದೆ. ಒಂದಿಡೀ ಋತುವಿನ ಕೆಲಸವನ್ನು 63 ಮೈಕ್ರಾನಿನಲ್ಲಿ ಮೊದಲಿನಿಂದ ಮಾಡಬೇಕಾಯಿತು. ಎರಡು ಸೆಂಟಿಮೀಟರಿಗೊಂದರಂತೆ ತೆಗೆದ 118 ಹಂತಗಳಲ್ಲಿ ಐವತ್ತರಷ್ಟನ್ನು ಈ ಪರೀಕ್ಷೆಯಲ್ಲೇ ಕೈಬಿಟ್ಟೆ. ಪ್ರತಿಯೊಂದಕ್ಕೂ ಒಂದೂವರೆ ದಿನದ ದುಡಿಮೆ ಹಿಡಿದಿದ್ದರಿಂದ ಬಿಡುವಾಗ ಹೊಟ್ಟೆ ಉರಿಯಿತು, ಆದರೂ ಒಂದನ್ನೂ ಮರಳಿ ಸೇರಿಸಿಕೊಳ್ಳಲಿಲ್ಲ.

ಉಳಿದವುಗಳಲ್ಲಿ ನಾನು ನೋಡಿದ್ದು ಸಿಪ್ರಿಡೀಸ್ ಟೊರೋಸಾ ಎಂಬ ಆಸ್ಟ್ರಕಾಡಿನ ಚಿಪ್ಪಿನ ಗಂಟುಗಳನ್ನು. ಉಪ್ಪು ಸಾವಿರಕ್ಕೆ ಐದಾರಕ್ಕಿಂತ ಕೆಳಗಿಳಿದಾಗ ಪೊರೆ ಕಳಚಿದ ಪ್ರಾಣಿಯ ಹೊಸ ಚಿಪ್ಪಿನ ಮೇಲೆ ಟೊಳ್ಳು ಗುಬುಟುಗಳು ಏಳುತ್ತವೆ. ಸೂಕ್ಷ್ಮದರ್ಶಕದ ಬೆಳಕನ್ನು ಓರೆಯಾಗಿ ಬಿಟ್ಟರೆ ಪ್ರತಿ ಗುಬುಟಿನ ಹಿಂದೆ ಒಂದು ನೆರಳು ಬೀಳುತ್ತದೆ, ಎಣಿಕೆ ಸಲೀಸಾಗುತ್ತದೆ. ನನಗೆ ಇದರಲ್ಲಿ ಬಹಳ ಹಿಡಿಸಿದ ಸಂಗತಿಯೆಂದರೆ, ಗಂಟು ವರ್ಷದ ಸರಾಸರಿಯನ್ನು ಹೇಳುವುದಿಲ್ಲ, ಪೊರೆ ಕಳಚಿದ ಆ ಕೆಲವು ದಿನಗಳ ನೀರನ್ನು ಹೇಳುತ್ತದೆ. ಅಳಿವೆಯಲ್ಲಿ ತಿಳಿಯಬೇಕಾದದ್ದೂ ಸಿಹಿನೀರು ಎಷ್ಟು ಕೆಳಗಿನವರೆಗೆ ತಳ್ಳಿಕೊಂಡು ಬಂತು ಎಂಬುದೇ.

ಗಂಟಿಗೆ ಬೇರೆ ಕಾರಣಗಳೂ ಇರಬಹುದೆಂಬ ಆಕ್ಷೇಪಕ್ಕೆ ಉತ್ತರವಾಗಿ ಅದೇ ಚಿಪ್ಪುಗಳಲ್ಲಿ ಸ್ಟ್ರಾಂಷಿಯಂ ಸಮಸ್ಥಾನಿಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು) ಅಳೆಸಿದೆ. ಸ್ಟ್ರಾಂಷಿಯಂ-87 ಮತ್ತು 86ರ ಅನುಪಾತ ಸಮುದ್ರದ ನೀರಿನಲ್ಲಿ 0.7092. ನಮ್ಮ ನದಿ ಹಳೆಯ ಗ್ರಾನೈಟ್ ನೆಲದ ಮೇಲೆ ಹರಿಯುವುದರಿಂದ ಅದರದ್ದು 0.715ರ ಆಸುಪಾಸಿನಲ್ಲಿದೆ. ಸಮುದ್ರದಲ್ಲಿ ಸ್ಟ್ರಾಂಷಿಯಂ ನದಿಗಿಂತ ನೂರು ಪಟ್ಟಿಗೂ ಹೆಚ್ಚಿರುವ ಕಾರಣ ಲವಣಾಂಶ 20 ದಾಟಿದ ಮೇಲೆ ವ್ಯತ್ಯಾಸ ಯಂತ್ರದ ದೋಷದೊಳಗೇ ಮುಳುಗಿಹೋಗುತ್ತದೆ. ಆದರೆ ಗಂಟು ಏಳುವ ಸಿಹಿಯ ತುದಿಯಲ್ಲೇ ಈ ಅಳತೆ ತುಂಬ ಚುರುಕು. ನನ್ನ ಹಣದ ಅರ್ಧದಷ್ಟು ಇಲ್ಲೇ ಹೋಯಿತು. ಮುಚ್ಚಿದ ಚಿಪ್ಪು ಅಲ್ಲಿಯದೇ ಎಂಬುದಕ್ಕೆ ಸಾಕ್ಷಿಯೇನೋ ಹೌದು, ಆದರೆ ಅದರ ಹೊಟ್ಟೆಯಲ್ಲಿ ಜೇಡಿ ತುಂಬಿರುತ್ತದೆ, ಮತ್ತು ಆ ಜೇಡಿಯ ಸ್ಟ್ರಾಂಷಿಯಂ ಬೇರೆಯೇ ಆಗಿರುತ್ತದೆ. ಮೊದಲ ಕಂತಿನ ಒಂಬತ್ತು ಮಾದರಿಗಳು ನದಿಯ ಮೌಲ್ಯವನ್ನೂ ಮೀರಿದ ಸಂಖ್ಯೆ ಕೊಟ್ಟು ವ್ಯರ್ಥವಾದವು. ಕವಾಟಗಳನ್ನು ಪುಡಿಯಾಗದಂತೆ ಬಿಡಿಸಿ ಒಳಗನ್ನು ತೊಳೆಯುವ ಕ್ರಮವೊಂದನ್ನು ಆಮೇಲೆ ಕಂಡುಕೊಂಡೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಈಗ ಒಂದು ಅಳತೆಗೆ ಎಂಟು ಹತ್ತು ಚಿಪ್ಪು ಸಾಕಾಗುತ್ತದೆ.

ಕಾಲನಿರ್ಣಯದಲ್ಲಿಯೂ ದುಡ್ಡು ಕಳೆದುಕೊಂಡೆ. ಇಡೀ ಕೆಸರಿನ ಸಾವಯವ ಇಂಗಾಲದಿಂದ ಬಂದ ರೇಡಿಯೋಕಾರ್ಬನ್ ವಯಸ್ಸು, ಅದೇ ಆಳದ ಒಂದು ಎಲೆಯ ವಯಸ್ಸಿಗಿಂತ ಒಂಬೈನೂರು ವರ್ಷದಷ್ಟು ಹೆಚ್ಚಿತ್ತು, ಏಕೆಂದರೆ ನದಿ ತನ್ನ ದಡದ ಹಳೆಯ ಮಣ್ಣನ್ನೂ ಕೊಚ್ಚಿ ತರುತ್ತದೆ. ಈಗ ಎಲೆ ಮತ್ತು ಬೀಜಗಳನ್ನಷ್ಟೇ ಕಳಿಸುತ್ತೇನೆ. ಮೇಲಿನ ಭಾಗಕ್ಕೆ, ಆಳಕ್ಕೆ ಹೋದಂತೆ ಕುಗ್ಗುವ ವಿಕಿರಣಶೀಲ ಸೀಸ-210 ಇದ್ದೇ ಇದೆ. ಏಡಿಗಳು ಕಲಕಿದ ಮೇಲಿನ ಹತ್ತು ಸೆಂಟಿಮೀಟರಿನಲ್ಲಿ ಅದರ ರೇಖೆ ಸಪಾಟಾಗಿ ಬಂತು, ಅದನ್ನು ಬಿಟ್ಟು ಕೆಳಗಿನದನ್ನು ಬಳಸಿದೆ. ಪರಮಾಣು ಬಾಂಬ್ ಪರೀಕ್ಷೆಗಳಿಂದ ಉದುರಿದ ಸೀಸಿಯಂ-137ರ 1963ರ ಶಿಖರ 46 ಸೆಂಟಿಮೀಟರಿನಲ್ಲಿ ಸಿಕ್ಕಿತು. ಉಪ್ಪುನೀರಿನಲ್ಲಿ ಸೀಸಿಯಂ ಜರುಗುವುದುಂಟು ಎಂಬ ಕಾರಣಕ್ಕೆ ಅದೊಂದನ್ನೇ ನಂಬದೆ ಎರಡನ್ನೂ ತಾಳೆ ನೋಡಿದೆ.

ಈ ನದಿಗೆ ಮೇಲ್ಗಡೆ 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಕಟ್ಟಲಾಗಿತ್ತು. ನೆರೆ ತಗ್ಗಿದ ಆ ಬದಲಾವಣೆ ಹೂಳಿನಲ್ಲಿ ಕಾಣದಿದ್ದರೆ ನನ್ನ ವಿಧಾನಕ್ಕೆ ಬೆಲೆಯಿಲ್ಲವೆಂದು ಮೊದಲೇ ಬರೆದಿಟ್ಟಿದ್ದೆ. 38 ಸೆಂಟಿಮೀಟರಿನ ಕೆಳಗೆ ಗಂಟಿರುವ ಚಿಪ್ಪುಗಳು ನೂರಕ್ಕೆ 35ರಿಂದ 40 ಇದ್ದವು. 32ರಿಂದ ಮೇಲೆ ಐದಕ್ಕೂ ಕಡಿಮೆ. ಸ್ಟ್ರಾಂಷಿಯಂ ಕೂಡ ಅದೇ ಜಾಗದಲ್ಲಿ ಸಮುದ್ರದ ಮೌಲ್ಯದ ಕಡೆಗೆ ಸರಿದಿತ್ತು.

ಹೆಚ್ಚು ಸಂಶಯಪಟ್ಟಿದ್ದ ಹಿರಿಯರೊಬ್ಬರಿಗೆ ಹದಿನಾರು ಸ್ಲೈಡುಗಳನ್ನು ಆಳ ಬರೆಯದೆ, ಕಲಸಿ ಕೊಟ್ಟೆ. ಅವರು ಎರಡು ದಿನ ಕೂತು ಎಣಿಸಿ, ಅಣೆಕಟ್ಟಿಗೆ ಮೊದಲಿನವು ಮತ್ತು ನಂತರದವು ಎಂದು ಎರಡು ಟ್ರೇಗಳಲ್ಲಿ ಬೇರೆ ಮಾಡಿಟ್ಟರು. ಹದಿನೈದು ಸರಿಯಾದ ಟ್ರೇಯಲ್ಲೇ ಇದ್ದವು. ಉಳಿದ ಒಂದು 36 ಸೆಂಟಿಮೀಟರಿನದಾಗಿತ್ತು. ಮರುದಿನ ಅವರು ತಮ್ಮ ಹಳೆಯ ಕೋರಿನ ಒಣಗಿಸಿಟ್ಟ ಜರಡಿ ಉಳಿಕೆಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಅದರ ಎಣಿಕೆ ಈಗ ನಡೆಯುತ್ತಿದೆ.