ಮೊದಲು ಮಾತ್ರೆ ಡಬ್ಬ, ಆಮೇಲೆ ಸೂಜಿ: ಹಿರಿಯರ ಮನೆಭೇಟಿ ಸೇವೆ ನಡೆಸುವ ಬಗೆ

ಬೆಂಗಳೂರಿನ ಬಸವನಗುಡಿ, ಜಯನಗರ, ಬನಶಂಕರಿ ಸುತ್ತಮುತ್ತ ಅರವತ್ತೈದು ದಾಟಿದವರ ಮನೆಗೆ ಹೋಗಿ, ಹಾಸಿಗೆ ಹಿಡಿಯುವ ಮೊದಲೇ ಅವರ ಆರೋಗ್ಯ ನೋಡಿ ಬರುವ ಸೇವೆ ನಮ್ಮದು. ಮನೆಗೆ ನರ್ಸ್ ಹೋಗುತ್ತಾರೆ. ಡಾಕ್ಟರಾದ ನಾನು ಅದೇ ಸಂಜೆ ದಾಖಲೆ ನೋಡಿ, ಮರುದಿನ ಹಿರಿಯರ ಜೊತೆ ಮಾತಾಡುತ್ತೇನೆ. ಇಂಥ ಸೇವೆ ಶುರು ಮಾಡಬೇಕೆಂದಿರುವವರು ಮೊದಲು ಕೇಳುವುದು "ಪ್ಯಾಕೇಜಿನಲ್ಲಿ ಯಾವ ಯಾವ ಟೆಸ್ಟ್ ಇಡಬೇಕು?" ಎಂದು. ದಾರಿ ತಪ್ಪುವುದು ಅಲ್ಲಿಂದಲೇ.

ಲ್ಯಾಬಿನವರು ನಾರ್ಮಲ್ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಮಾಡಿಸಿದರೆ, ಏನೂ ತೊಂದರೆಯಿಲ್ಲದವರಲ್ಲೂ ಒಂದಾದರೂ ಮಿತಿ ಮೀರುವ ಸಾಧ್ಯತೆ ಶೇ 64. ಎಂಬತ್ತು ಟೆಸ್ಟಿನ ಪ್ಯಾಕೇಜಿನಲ್ಲಿ ಎಲ್ಲವೂ ಸರಿಯಿರುವ ರಿಪೋರ್ಟ್ ಸಿಗುವುದೇ ಅಪರೂಪ. ಆಮೇಲೆ ಸ್ಕ್ಯಾನ್, ಸ್ಪೆಷಲಿಸ್ಟ್, ಇನ್ನೊಂದು ಸ್ಕ್ಯಾನ್. ಅಷ್ಟರಲ್ಲಿ ಆ ಹಿರಿಯರು ರಾತ್ರಿ ಬಾತ್‌ರೂಮಿಗೆ ಹೋಗುವಾಗ ಗೋಡೆ ಹಿಡಿದು ನಡೆಯುತ್ತಿದ್ದಾರೆ ಎಂಬುದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ನಾವು ಎಲ್ಲರಿಗೂ ಮಾಡಿಸುವುದು ಹಿಮೋಗ್ಲೋಬಿನ್, ಕಿಡ್ನಿಯ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಥೈರಾಯ್ಡ್‌ನ ಟಿಎಸ್‌ಎಚ್, ಇಷ್ಟೇ. ಶುಗರ್ ಇದ್ದವರಿಗೆ ಮೂತ್ರದ ಆಲ್ಬುಮಿನ್ ಸೇರಿಸುತ್ತೇವೆ. ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದವರಿಗೆ ಬಿ12 ಕೂಡ, ಏಕೆಂದರೆ ಆ ಮಾತ್ರೆ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಲಕ್ಷಣವೇ ಇಲ್ಲದವರಿಗೆ ಟ್ಯೂಮರ್ ಮಾರ್ಕರ್ (ಕ್ಯಾನ್ಸರ್ ಸುಳಿವು ಹುಡುಕುವ ಟೆಸ್ಟ್) ಮಾಡಿಸುವುದಿಲ್ಲ, ಕೇಳಿದರೂ.

ಒಂದು ಭೇಟಿಗೆ 75 ನಿಮಿಷ ಬೇಕು. ರಕ್ತ ತೆಗೆಯುವುದು ಕೊನೆಗೆ. ಮೊದಲೇ ಸೂಜಿ ಚುಚ್ಚಿದರೆ ಬಿಪಿ ಏರುತ್ತದೆ, ಮಾತೂ ಕಟ್ಟಿಹೋಗುತ್ತದೆ. ಟ್ಯೂಬ್ ಕೂಡ ಒಂದು ಗಂಟೆ ಬ್ಯಾಗಿನಲ್ಲಿ ಕಾಯಬೇಕಾಗುತ್ತದೆ. ಮೇಲೆ ಹೇಳಿದ ಯಾವುದಕ್ಕೂ ಖಾಲಿ ಹೊಟ್ಟೆ ಬೇಡ. ಫಾಸ್ಟಿಂಗ್ ಎಂದು ಹೇಳಿ ಕಳಿಸಿದರೆ, ತಿಂಡಿ ಬಿಟ್ಟು ಶುಗರ್ ಮಾತ್ರೆ ಮಾತ್ರ ನುಂಗಿ ಕೂರುವವರು ಇರುತ್ತಾರೆ, ಅದು ಅಪಾಯ. ಗ್ಲೂಕೋಸ್ ಬೇಕೇ ಬೇಕೆಂದರೆ ಬೂದು ಮುಚ್ಚಳದ ಟ್ಯೂಬ್ ಬಳಸಿ, ಉಳಿದ ಟ್ಯೂಬ್‌ಗಳಲ್ಲಿ ಸೀರಂ (ರಕ್ತದ ತಿಳಿನೀರು) ಬೇರ್ಪಡಿಸುವವರೆಗೆ ಗ್ಲೂಕೋಸ್ ಗಂಟೆಗೆ ಶೇ 5ರಿಂದ 7ರಷ್ಟು ಇಳಿಯುತ್ತದೆ. ಸೀರಂ ಟ್ಯೂಬ್ ತುಂಬಿದ ಮೇಲೆ ನೇರಳೆ ಮುಚ್ಚಳದ್ದು. ಕ್ರಮ ತಿರುಗಿದರೆ ಅದರೊಳಗಿನ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಸೇರಿಕೊಂಡು ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಸ್ಕೂಟರಿನ ಕುಲುಕಾಟಕ್ಕೆ ಕೆಂಪುಕಣ ಒಡೆದರೂ ಅದೇ ಗತಿ. ಟ್ಯೂಬ್‌ಗಳನ್ನು ಸ್ಟ್ಯಾಂಡಿನಲ್ಲಿ ನೇರವಾಗಿ, ಸ್ಪಾಂಜ್ ನಡುವೆ ಇಡಿ.

ಭೇಟಿಯ ಜೀವಾಳ ಮಾತ್ರೆ ಡಬ್ಬ. "ಏನೇನು ಮಾತ್ರೆ ತಗೋತೀರಾ ಅಮ್ಮ?" ಎಂದು ಕೇಳಿದರೆ ಅರ್ಧವೇ ಸಿಗುತ್ತದೆ. "ಮನೇಲಿರೋ ಮಾತ್ರೆ, ಮುಲಾಮು, ಕಣ್ಣಿನ ಡ್ರಾಪ್ಸ್, ಕಷಾಯ, ಚೂರ್ಣ ಎಲ್ಲಾ ಟೇಬಲ್ ಮೇಲೆ ಸುರೀರಿ" ಎನ್ನಬೇಕು. ಫ್ರಿಜ್ ಬಾಗಿಲು, ದೇವರ ಮನೆಯ ಗೂಡು, ದಿಂಬಿನ ಪಕ್ಕ ಕೂಡ ನೋಡಬೇಕು. ನರ್ಸ್ ಪ್ರತಿ ಸ್ಟ್ರಿಪ್ಪಿನ ಫೋಟೋ ತೆಗೆದು, ಕಂಪನಿಯ ಹೆಸರು ಬಿಟ್ಟು ಒಳಗಿನ ಔಷಧಿಯ ಹೆಸರು ಬರೆಯುತ್ತಾರೆ. ಈ ಒಂದು ನಿಯಮ ತಪ್ಪಿದರೆ, ಇಬ್ಬರು ಡಾಕ್ಟರು ಎರಡು ಹೆಸರಿನಲ್ಲಿ ಬರೆದ ಟೆಲ್ಮಿಸಾರ್ಟನ್ ಎಂಬ ಒಂದೇ ಬಿಪಿ ಮಾತ್ರೆ ಎಂದಿಗೂ ಸಿಕ್ಕಿಬೀಳುವುದಿಲ್ಲ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದವರ ಮನೆಯಲ್ಲಿ ಇದನ್ನು ತಪ್ಪದೆ ಹುಡುಕಿ.

ನಾನು ಸಂಜೆ ಪಟ್ಟಿ ನೋಡುವಾಗ ಕೆಲವು ಜೋಡಿಗಳ ಮೇಲೆ ಕಣ್ಣಿಡುತ್ತೇನೆ. ಬಿಪಿ ಮಾತ್ರೆ ಆಮ್ಲೋಡಿಪಿನ್‌ನಿಂದ ಪಾದ ಊದಿ, ಆ ಊತಕ್ಕೆ ನೀರು ಹೋಗುವ ಮಾತ್ರೆ ಸೇರಿ, ಅದರಿಂದ ರಾತ್ರಿ ನಾಲ್ಕು ಸಲ ಏಳುವಂತಾಗಿರುತ್ತದೆ. ಬಿಪಿಗೆ ಟೆಲ್ಮಿಸಾರ್ಟನ್, ಜೊತೆಗೆ ನೀರಿನ ಮಾತ್ರೆ, ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್: ಈ ಮೂರು ಸೇರಿದರೆ ಕಿಡ್ನಿ ಕೈಕೊಡಬಹುದು. ಕ್ಲೋರ್ಥಾಲಿಡೋನ್ ಜಾತಿಯ ನೀರಿನ ಮಾತ್ರೆಯಿಂದ ಸೋಡಿಯಂ ಇಳಿದು ಮಂಕು ಕವಿದರೆ ಮನೆಯವರು ಅದನ್ನು ವಯಸ್ಸಿನ ಮರೆವು ಎಂದುಕೊಳ್ಳುತ್ತಾರೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಎಂಬ, ಶುಗರ್ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರಿಗೆ ಏಕಾದಶಿ, ಸಂಕಷ್ಟಿ ಉಪವಾಸ ಇದೆಯೇ ಎಂದು ಕೇಳಲೇಬೇಕು. ಇದೆ ಎಂದರೆ ಆ ದಿನದ ಮಾತ್ರೆ ಏನು ಮಾಡಬೇಕೆಂಬುದನ್ನು ಅವರ ಡಾಕ್ಟರಿಂದ ಬರೆಸಿಕೊಡಬೇಕು. ಅತಿಮಧುರವಿರುವ ಕಷಾಯ ದಿನಾ ಕುಡಿದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಇಷ್ಟೆಲ್ಲ ಕಂಡರೂ ನರ್ಸ್ ಒಂದು ಮಾತ್ರೆಯನ್ನೂ ನಿಲ್ಲಿಸುವಂತಿಲ್ಲ. ಆತಂಕಕ್ಕೆ ಕೊಡುವ ಆಲ್ಪ್ರಜೋಲಾಮ್ ಅಥವಾ ಬಿಪಿ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್ ಥಟ್ಟನೆ ನಿಂತರೆ ಅದೇ ಒಂದು ಕಾಯಿಲೆ. ನಾನು ಮೂಲ ಡಾಕ್ಟರಿಗೆ ಫೋನ್ ಮಾಡಿ ಮಾತಾಡುತ್ತೇನೆ. ಈ ಫೋನಿಗೆ ಹತ್ತು ನಿಮಿಷ ಹಿಡಿಯುತ್ತದೆ, ಅದನ್ನು ದರದಲ್ಲಿ ಸೇರಿಸಿಕೊಳ್ಳಿ.

ಬಿಪಿ ಮಲಗಿಸಿಯೂ ನೋಡಬೇಕು, ನಿಲ್ಲಿಸಿಯೂ ನೋಡಬೇಕು. ಐದು ನಿಮಿಷ ಮಲಗಿದ ಮೇಲೆ ಒಮ್ಮೆ, ಎದ್ದುನಿಂತ ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಬೀಳುವ ಅಪಾಯವಿದೆ. ಇಲ್ಲಿ ಆಗುವ ತಪ್ಪು ಎರಡು. ಅವಸರಕ್ಕೆ ಕೂತಲ್ಲಿಂದ ನಿಲ್ಲಿಸಿದರೆ ಇಳಿಕೆ ಕಡಿಮೆ ಕಾಣುತ್ತದೆ. ನಿಂತಾಗ ಕೈ ಜೋತುಬಿಟ್ಟರೆ ರೀಡಿಂಗ್ ಹೆಚ್ಚು ಬಂದು ಇಳಿಕೆ ಮುಚ್ಚಿಹೋಗುತ್ತದೆ. ಹಾಗಾಗಿ ನರ್ಸ್ ಆ ಕೈಯನ್ನು ಎದೆಮಟ್ಟದಲ್ಲಿ ಹಿಡಿದಿರಬೇಕು. ತೋಳಿನ ಅಳತೆಗೆ ತಕ್ಕ ಎರಡು ಸೈಜಿನ ಕಫ್ ಬ್ಯಾಗಿನಲ್ಲಿರಲಿ. ಪಟ್ಟಿ ಚಿಕ್ಕದಾದರೆ ಬಿಪಿ ಹೆಚ್ಚು ತೋರಿಸುತ್ತದೆ.

ಆಮೇಲೆ ನಡಿಗೆ. ಕೈಯಿರುವ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು, ಅವರ ಮಾಮೂಲಿ ವೇಗದಲ್ಲಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸುತ್ತೇವೆ. ಸೋಫಾ ಬೇಡ, ತಗ್ಗಾಗಿರುತ್ತದೆ. ಪ್ಲಾಸ್ಟಿಕ್ ಕುರ್ಚಿಯಾದರೆ ಗೋಡೆಗೆ ಒತ್ತಿಡಿ, ಇಲ್ಲದಿದ್ದರೆ ರೆಡ್ ಆಕ್ಸೈಡ್ ನೆಲದ ಮೇಲೆ ಹಿಂದಕ್ಕೆ ಜಾರುತ್ತದೆ. ಹಳೆಯ ಮನೆಗಳ ಹಾಲಿನಲ್ಲಿ 3 ಮೀಟರ್ ಖಾಲಿ ಜಾಗ ಸಿಗದಿದ್ದರೆ ವರಾಂಡದಲ್ಲಿ ಟೇಪ್ ಅಂಟಿಸಿ. "ಬಿದ್ದಿದ್ದೀರಾ?" ಎಂದು ಕೇಳಿದರೆ ಬರುವ ಉತ್ತರ ಇಲ್ಲ ಎಂದೇ. "ಎಡವಿ, ಜಾರಿ, ಕೈ ಊರಿಕೊಂಡಿದ್ದುಂಟಾ?" ಎಂದರೆ ಮಾತು ಹೊರಬರುತ್ತದೆ.

ಮರೆವಿಗೆ ಮಿನಿ-ಕಾಗ್: ಮೂರು ಪದ ಹೇಳಿ, ಗಡಿಯಾರ ಬರೆಸಿ ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಲು ಹೇಳಿ, ಮತ್ತೆ ಪದ ಕೇಳುವುದು. ಐದಕ್ಕೆ 3ಕ್ಕಿಂತ ಕಡಿಮೆಯಾದರೆ ಮುಂದಿನ ಪರೀಕ್ಷೆ. ಓದುಬರಹ ಬಾರದವರಿಗೆ ಗಡಿಯಾರ ಬರೆಸಿ ಅಂಕ ಕೊಡಬೇಡಿ, ಅದು ಶಾಲೆಯ ಪರೀಕ್ಷೆಯಾಗುತ್ತದೆ. ಅವರು ಚಿಲ್ಲರೆ ಎಣಿಸುವುದು, ಸಾರಿಗೆ ಉಪ್ಪು ಎರಡು ಸಲ ಹಾಕುವುದು, ಗೊತ್ತಿರುವ ಬಸ್ ಸ್ಟಾಪಿನಲ್ಲಿ ಗಲಿಬಿಲಿಯಾಗುವುದು ಇವುಗಳ ಬಗ್ಗೆ ಮನೆಯವರನ್ನು ಕೇಳಿ. ಯಾವ ಪರೀಕ್ಷೆಗೂ ಮುಂಚೆ ಕಿವಿಯಲ್ಲಿ ಗುಗ್ಗೆ ಇದೆಯೇ ನೋಡಿ. ಕೇಳಿಸದ ಪದವನ್ನು ನೆನಪಿಡುವುದು ಹೇಗೆ?

ಮನೆಯೊಳಗೆ ನೋಡುವುದು ಮಂಚದಿಂದ ಬಾತ್‌ರೂಮಿನವರೆಗಿನ ದಾರಿ ಮಾತ್ರ: ಹೊಸಿಲು, ಜಾರುವ ಕಾಲೊರಸು, ಲೈಟಿನ ಸ್ವಿಚ್ ಎಲ್ಲಿದೆ, ಚಿಲಕ ಹೊರಗಿನಿಂದ ತೆಗೆಯಲು ಬರುತ್ತದೆಯೇ. ಹಿಡಿಕೆಯನ್ನು ನೆಲದಿಂದ ಸುಮಾರು 85 ಸೆಂ.ಮೀ. ಎತ್ತರಕ್ಕೆ, ಟೈಲ್ಸ್ ಹಿಂದಿನ ಗೋಡೆಗೆ ಬೋಲ್ಟ್ ಮಾಡಿಸಬೇಕು. ರಬ್ಬರ್ ಕಪ್ಪಿನಿಂದ ಅಂಟಿಸುವ ಹಿಡಿಕೆ ಬೇಡವೇ ಬೇಡ, ಭಾರ ಬಿದ್ದಾಗ ಕಿತ್ತು ಬರುತ್ತದೆ. ಸೋಲಾರ್ ಇರುವ ಮನೆಗಳಲ್ಲಿ ಬೇಸಿಗೆಯ ನೀರು ಕುದಿ ಬಂದಂತಿರುತ್ತದೆ. ಶುಗರಿನಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ.

ಕನಿಷ್ಠ ಹತ್ತು ನಿಮಿಷ ಹಿರಿಯರ ಜೊತೆ ನರ್ಸ್ ಒಬ್ಬರೇ ಮಾತಾಡಬೇಕು. ಮನೆಯವರು ಪಕ್ಕದಲ್ಲಿ ಕೂತಿದ್ದರೆ ಮೂತ್ರ ತಡೆಯಲಾಗದ್ದು, ಬೇಸರ, ಹೊಡೆತ-ಬೈಗುಳ ಯಾವುದೂ ಹೊರಬರುವುದಿಲ್ಲ. ಬೆಂಗಳೂರಿನ ಹಿರಿಯರ ಸಹಾಯವಾಣಿ 1090, ದೇಶದ್ದು 14567, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಈ ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ ಬರುತ್ತೇವೆ.

ಇನ್ನು ಹಣದ ಮಾತು. ಅಮೆರಿಕದಲ್ಲಿ 2011ರಿಂದ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ವಾರ್ಷಿಕ ಆರೋಗ್ಯ ಭೇಟಿಗೆ ದುಡ್ಡು ಕೊಡುತ್ತದೆ. ಇಲ್ಲಿ 2024ರ ಅಕ್ಟೋಬರಿನಲ್ಲಿ 70 ತುಂಬಿದವರಿಗೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತ್ ಯೋಜನೆ ಆಸ್ಪತ್ರೆಗೆ ಸೇರಿದರೆ ಮಾತ್ರ. ಮನೆಭೇಟಿಗೆ ಕುಟುಂಬವೇ ಕೊಡಬೇಕು. ಖರ್ಚಿನಲ್ಲಿ ದೊಡ್ಡದು ನರ್ಸಿನ ಸಮಯ. ಸಂಬಳ, ಪೆಟ್ರೋಲು ಸೇರಿ ತಿಂಗಳಿಗೆ 40,000 ಎಂದಿಟ್ಟುಕೊಳ್ಳಿ, 24 ದಿನ ಕೆಲಸ. ದಿನಕ್ಕೆ ನಾಲ್ಕು ಮನೆಯಾದರೆ ಭೇಟಿಗೆ ಸುಮಾರು 417 ರೂಪಾಯಿ, ಎರಡೇ ಆದರೆ 833. ಈ ವ್ಯತ್ಯಾಸ ಪೂರ್ತಿ ಟ್ರಾಫಿಕ್ಕಿನದು. ಅದಕ್ಕೇ ನಾವು ನಾಲ್ಕು ಕಿಲೋಮೀಟರ್ ವ್ಯಾಪ್ತಿ ದಾಟುವುದಿಲ್ಲ, ಸಿಲ್ಕ್ ಬೋರ್ಡ್ ಆಚೆಯವರು ಎಷ್ಟು ಕೊಡುತ್ತೇನೆಂದರೂ ಒಪ್ಪುವುದಿಲ್ಲ. ಲ್ಯಾಬಿನಿಂದ ಕಮಿಷನ್ ತೆಗೆದುಕೊಳ್ಳಬೇಡಿ. ವೈದ್ಯರ ನೀತಿಸಂಹಿತೆ ಅದನ್ನು ನಿಷೇಧಿಸಿದೆ. ಆದಾಯ ಟೆಸ್ಟಿಗೆ ಅಂಟಿಕೊಂಡರೆ ನಿಮ್ಮ ಆರು ಟೆಸ್ಟಿನ ಪಟ್ಟಿ ವರ್ಷದೊಳಗೆ ಅರವತ್ತಾಗುತ್ತದೆ. ಲ್ಯಾಬ್ ಬಿಲ್ ಬೇರೆ, ನಮ್ಮ ಬಿಲ್ ಬೇರೆ. ತಪಾಸಣೆಯ ರಸೀದಿ ಹಿರಿಯರ ಹೆಸರಿನಲ್ಲಿರಲಿ: ಹಳೆಯ ತೆರಿಗೆ ಪದ್ಧತಿಯಲ್ಲಿ 80ಡಿ ಎಂದು ಜನ ಹೇಳುವ ವಿನಾಯಿತಿಯೊಳಗೆ ಮುನ್ನೆಚ್ಚರಿಕೆ ತಪಾಸಣೆಗೆ 5,000 ರೂಪಾಯಿವರೆಗೆ ಅವಕಾಶವಿದೆ.

ಕಾಗದಪತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಕ್ಲಿನಿಕ್ ನೋಂದಣಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಜೈವಿಕ ತ್ಯಾಜ್ಯ ಒಯ್ಯುವವರ ಜೊತೆ ಒಪ್ಪಂದ ಮೊದಲ ಭೇಟಿಗೆ ಮುಂಚೆ ಕೈಯಲ್ಲಿರಲಿ. ಬಳಸಿದ ಸೂಜಿ ಚುಚ್ಚಿ ಹೊರಬಾರದ ಬಿಳಿ ಡಬ್ಬಿಯಲ್ಲಿ ವಾಪಸ್ ಬರಬೇಕು, ಮನೆಯ ಕಸಕ್ಕೆ ಸೇರಬಾರದು.

ಹೆಚ್ಚು ತೊಡಕಾಗುವುದು ದುಡ್ಡು ಕೊಡುವವರು ಒಬ್ಬರು, ಮೈ ತೋರಿಸುವವರು ಇನ್ನೊಬ್ಬರು ಆಗಿರುವುದರಿಂದ. ನ್ಯೂಜೆರ್ಸಿಯಲ್ಲಿರುವ ಮಗ ಬುಕ್ ಮಾಡಿ ರಿಪೋರ್ಟ್ ತನಗೇ ಕಳಿಸಿ ಎನ್ನುತ್ತಾನೆ. ಒಪ್ಪಿಗೆ ಕೊಡಬೇಕಾದವರು ತಾಯಿ. ಭೇಟಿ ಶುರುವಾಗುವ ಮೊದಲೇ "ಮಗನಿಗೆ ಏನೇನು ಹೇಳಬಹುದು ಅಮ್ಮ?" ಎಂದು ಕೇಳಿ, ಬರೆಸಿ, ಸಹಿ ಹಾಕಿಸಿಕೊಳ್ಳುತ್ತೇವೆ. ಬಿದ್ದದ್ದು ಗೊತ್ತಾದರೆ ದೇವಸ್ಥಾನಕ್ಕೆ ಒಬ್ಬಳೇ ಹೋಗುವುದನ್ನು ನಿಲ್ಲಿಸುತ್ತಾರೆ ಎಂಬ ಭಯ ಅವರಿಗಿರುತ್ತದೆ. ಆ ಭಯವನ್ನು ಗೌರವಿಸದಿದ್ದರೆ ಮುಂದಿನ ವರ್ಷ ಅವರು ನಿಜ ಹೇಳುವುದಿಲ್ಲ.

ವರದಿ ಕನ್ನಡದಲ್ಲಿ ಒಂದೇ ಪುಟ, ಮಾಡಬೇಕಾದ ಕೆಲಸ ಮೂರಕ್ಕಿಂತ ಹೆಚ್ಚಿಲ್ಲ. "ಬಾತ್‌ರೂಮಿಗೆ ಹಿಡಿಕೆ ಹಾಕಿಸುವುದು, ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆ, ರಾತ್ರಿಯ ನೀರಿನ ಮಾತ್ರೆ ಬೆಳಿಗ್ಗೆಗೆ ಬದಲಾಯಿಸುವ ಬಗ್ಗೆ ಡಾಕ್ಟರನ್ನು ಕೇಳುವುದು", ಹೀಗೆ. ಏಳನೇ ದಿನ, ಮೂವತ್ತನೇ ದಿನ, ತೊಂಬತ್ತನೇ ದಿನ ಅದೇ ನರ್ಸ್ ಫೋನ್ ಮಾಡುತ್ತಾರೆ. ಫೋನ್ ಮಾಡದಿದ್ದರೆ ಹಿಡಿಕೆ ಗೋಡೆಗೆ ಬರುವುದೇ ಇಲ್ಲ. ನಡಿಗೆಯ ಸೆಕೆಂಡಿನ ಪಕ್ಕ ಯಾವ ಕುರ್ಚಿ, ಕಾಲಲ್ಲಿ ಚಪ್ಪಲಿ ಇತ್ತೇ, ಕೋಲು ಹಿಡಿದಿದ್ದರೇ ಎಂದೂ ಬರೆದಿಡಬೇಕು. ಮುಂದಿನ ವರ್ಷ ಅದೇ ಕುರ್ಚಿ, ಅದೇ ಚಪ್ಪಲಿಯಲ್ಲಿ ನಡೆಸಿದಾಗಲೇ 9 ಸೆಕೆಂಡ್ 13 ಆದದ್ದಕ್ಕೆ ಅರ್ಥ ಬರುತ್ತದೆ.