ಕೆಂಪು ದೀಪ ಹತ್ತಿದರೆ ಸಾಕಾ?

ಇಎಸ್‌ಪಿ32 ಡೆವ್‌ಕಿಟ್ ಬೋರ್ಡ್ (ನಾವೇ ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಚಿಪ್ ಬೋರ್ಡ್) ಕೈಗೆ ಬಂದ ದಿನವೇ ಯುಎಸ್‌ಬಿ ಕೇಬಲ್ ಸಿಕ್ಕಿಸಿದೆ. ಕೆಂಪು ಎಲ್‌ಇಡಿ ಹತ್ತಿತು. ಖುಷಿಯೋ ಖುಷಿ! ಆದರೆ ಕಂಪ್ಯೂಟರ್‌ನಲ್ಲಿ ಬೋರ್ಡ್ ಜೊತೆ ಮಾತಾಡುವ ದಾರಿ, ಅಂದರೆ ಪೋರ್ಟ್, ಮಾತ್ರ ಕಾಣಲೇ ಇಲ್ಲ. ಡ್ರೈವರ್ ತೆಗೆದು ಹಾಕಿದೆ, ಮತ್ತೆ ಹಾಕಿದೆ. ಒಂದು ಸಂಜೆ ಸುಮ್ನೆ ಹಾಳಾಯಿತು. ಕೊನೆಗೆ ಕೇಬಲ್ ಬದಲಿಸಿದರೆ ತಕ್ಷಣ ಪೋರ್ಟ್ ಬಂತು. ಮೊದಲಿನದು ಬರೀ ಚಾರ್ಜಿಂಗ್ ಕೇಬಲ್, ಒಳಗೆ ಡೇಟಾ ತಂತಿಗಳೇ ಇಲ್ಲ. ಕರೆಂಟ್ ಬಂದಿದೆ ಅನ್ನುವುದಕ್ಕಿಂತ ಜಾಸ್ತಿ ಏನನ್ನೂ ಆ ಕೆಂಪು ದೀಪ ಹೇಳುವುದಿಲ್ಲ.

ಮುಂದಿನ ತಲೆನೋವು ಅಪ್‌ಲೋಡ್, ಅಂದರೆ ಬರೆದ ಪ್ರೋಗ್ರಾಂ ಬೋರ್ಡ್‌ಗೆ ಕಳಿಸುವುದು. 'ಕನೆಕ್ಟಿಂಗ್' ಅಂತ ಬರುತ್ತದೆ, ಚುಕ್ಕಿ ಮೇಲೆ ಚುಕ್ಕಿ ಬೀಳುತ್ತದೆ, ಆಮೇಲೆ ಎರರ್. ಬೋರ್ಡ್ ಮೇಲೆ ಎರಡು ಪುಟ್ಟ ಬಟನ್ ಇವೆ: ಇಎನ್ ಮತ್ತು ಬೂಟ್. ಇಎನ್ ಒತ್ತಿದರೆ ಚಿಪ್ ರೀಸೆಟ್ ಆಗುತ್ತದೆ. ಬೂಟ್ ಒತ್ತಿದರೆ ಚಿಪ್‌ನ ಜಿಪಿಐಒ 0 ಎಂಬ ಪಿನ್ ಗ್ರೌಂಡ್‌ಗೆ (ಸೊನ್ನೆ ವೋಲ್ಟ್‌ಗೆ) ಸೇರುತ್ತದೆ. ರೀಸೆಟ್ ಆಗಿ ಏಳುವಾಗ ಚಿಪ್ ಈ ಪಿನ್ ನೋಡುತ್ತದೆ. ಅದು 'ಲೋ', ಅಂದರೆ ಸೊನ್ನೆ ವೋಲ್ಟ್ ಹತ್ತಿರ, ಇದ್ದರೆ ಹಳೇ ಪ್ರೋಗ್ರಾಂ ಓಡಿಸದೆ, ಹೊಸದಕ್ಕಾಗಿ ಕಾಯುತ್ತಾ ಕೂರುತ್ತದೆ. ಅಪ್‌ಲೋಡ್ ಹೊತ್ತಿಗೆ ಬೋರ್ಡ್ ತಾನೇ ರೀಸೆಟ್ ಆಗಿ ಈ ಪಿನ್ 'ಲೋ' ಮಾಡಿಕೊಳ್ಳಬೇಕು, ನನ್ನದು ಸರಿಯಾಗಿ ಮಾಡುತ್ತಿರಲಿಲ್ಲ. ಹಾಗಾಗಿ ಚುಕ್ಕಿ ಶುರುವಾದ ಕೂಡಲೇ ಬೂಟ್ ಒತ್ತಿ ಹಿಡಿದೆ. ಶೇಕಡಾವಾರು ಅಂಕಿ ಕಂಡ ಮೇಲೆ ಬಿಟ್ಟೆ. ಅಪ್‌ಲೋಡ್ ಆಯಿತು! ಪ್ರತಿ ಸಲ ಒತ್ತಿ ಬೇಸರವಾಗಿ, ಚಿಪ್ ಏಳುವುದು ಒಂಚೂರು ತಡವಾಗಲಿ ಅಂತ ಇಎನ್ ಪಿನ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಮೈನಸ್ ಕಾಲು ಗ್ರೌಂಡ್ ಕಡೆ. ಆಮೇಲೆ ಬಟನ್ ಮುಟ್ಟಬೇಕಾಗಲಿಲ್ಲ.

ಬೂಟ್ ಬಟನ್ ಸುಮ್ಮನೆ ಕೂತಿದೆ ಅಲ್ವಾ ಅಂತ, ಪ್ರೋಗ್ರಾಂ ಓಡುವಾಗ ಅದನ್ನೇ ನನ್ನ ಬಟನ್ ಮಾಡಿಕೊಂಡೆ. ಒತ್ತಿದರೆ 'ಲೋ', ಬಿಟ್ಟರೆ 'ಹೈ' (3.3 ವೋಲ್ಟ್ ಹತ್ತಿರ). ಎಷ್ಟು ಸಲ ಒತ್ತಿದೆ ಅಂತ ಎಣಿಸಿ ನೋಡಿದೆ. ಒಂದು ಸಲ ಒತ್ತಿದರೆ ಎಣಿಕೆ ಮೂರಕ್ಕೆ ಹಾರುತ್ತಿತ್ತು. ಬಟನ್ ಒಳಗಿನ ಲೋಹದ ತಗಡು ಒಮ್ಮೆಗೇ ಕೂರುವುದಿಲ್ಲ, ಪುಟಿಯುತ್ತದೆ. ಮೊದಲ ಒತ್ತಿನ ನಂತರ 50 ಮಿಲಿಸೆಕೆಂಡ್ ಬಂದದ್ದನ್ನೆಲ್ಲ ಬಿಟ್ಟುಬಿಡು ಅಂತ ಬರೆದೆ, ಸರಿಹೋಯಿತು.

ನೀಲಿ ಎಲ್‌ಇಡಿ ನನ್ನ ಬೋರ್ಡ್‌ನಲ್ಲಿ ಜಿಪಿಐಒ 2ರಲ್ಲಿದೆ, 'ಹೈ' ಕೊಟ್ಟರೆ ಹತ್ತುತ್ತದೆ. ಅದೇ ಧೈರ್ಯದಲ್ಲಿ ಬ್ಲೂ ಪಿಲ್ ಎಂಬ ಇನ್ನೊಂದು ಚಿಪ್‌ನ ಬೋರ್ಡ್‌ಗೆ ಹೋದೆ. ಪಿನ್ ಹೆಸರು ಪಿಸಿ13 ಅಂತ ಬದಲಿಸಿ 'ಹೈ' ಕೊಟ್ಟೆ. ದೀಪ ಆರಿತು! ಅಲ್ಲಿ ಎಲ್‌ಇಡಿಯ ಇನ್ನೊಂದು ತುದಿ 3.3 ವೋಲ್ಟ್‌ ಕಡೆಗಿದೆ, 'ಲೋ' ಕೊಟ್ಟರೇನೇ ಹತ್ತುವುದು.