48–75ರ ಮಾನಿಟರನ್ನು 38–78 ಮಾಡಿದ ಬಗೆ: ನನ್ನ ಅನುಭವ

ಗ್ರಾಫಿಕ್ಸ್ ಕಾರ್ಡ್ ಫ್ರೇಮ್ ಕೊಟ್ಟಾಗಲೇ ಪರದೆ ರಿಫ್ರೆಶ್ ಆಗುವಂತೆ ಮಾಡುವ ಎಎಂಡಿಯ ಏರ್ಪಾಡು ಫ್ರೀಸಿಂಕ್. 75 ಹರ್ಟ್ಜ್ (ಸೆಕೆಂಡಿಗೆ 75 ರಿಫ್ರೆಶ್) ಮಾನಿಟರಿನ ಫ್ರೀಸಿಂಕ್ ಅಂದರೆ ಡಬ್ಬದ ಮೇಲಿನ ಸ್ಟಿಕ್ಕರ್ ಅಷ್ಟೇ, ಅದರ ಹಿಂದೆ ಬೀಳಬೇಡ ಅಂದವರೇ ಹೆಚ್ಚು. ಅರ್ಧ ನಿಜ. 48ರಿಂದ 75 ಹರ್ಟ್ಜ್‌ನ ರೇಂಜನ್ನು (ಸಿಂಕ್ ಕೆಲಸ ಮಾಡುವ ವ್ಯಾಪ್ತಿ) ಕಂಪನಿ ಕೊಟ್ಟ ಹಾಗೇ ಬಿಟ್ಟರೆ ಅದು ಸ್ಟಿಕ್ಕರೇ. ಆಟದಲ್ಲಿ 60 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಫ್ರೇಮ್) ಬರುವ ತನಕ ಎಲ್ಲ ಚೆಂದ. ಹೊಗೆ, ಬೆಂಕಿ, ಗುಂಪು ಬಂದು 44ಕ್ಕೆ ಬಿದ್ದ ಕೂಡಲೇ ಸಿಂಕ್ ಕೈಬಿಡುತ್ತದೆ. ವಿ-ಸಿಂಕ್ (ಫ್ರೇಮನ್ನು ಪರದೆಯ ಮುಂದಿನ ರಿಫ್ರೆಶ್‌ವರೆಗೆ ಕಾಯಿಸುವ ಹಳೆಯ ವಿಧಾನ) ಆನ್ ಇದ್ದರೆ ಜರ್ಕ್, ಆಫ್ ಇದ್ದರೆ ಟಿಯರಿಂಗ್, ಅಂದರೆ ಚಿತ್ರ ಅಡ್ಡಕ್ಕೆ ಹರಿದಂತೆ ಕಾಣುವುದು. ಬೇಕಾದ ಹೊತ್ತಿಗೇ ನಾಪತ್ತೆ.

ಈಗ ಅದೇ ಮಾನಿಟರ್ 38–78ರಲ್ಲಿ ಓಡುತ್ತಿದೆ. 30ಕ್ಕೆ ಬಿದ್ದರೂ ಟಿಯರಿಂಗ್ ಇಲ್ಲ, ಎಲ್‌ಎಫ್‌ಸಿ (ಎಫ್‌ಪಿಎಸ್ ರೇಂಜಿಗಿಂತ ಕೆಳಗಿಳಿದರೆ ಅದೇ ಫ್ರೇಮನ್ನು ಮತ್ತೆ ತೋರಿಸುವ ಡ್ರೈವರ್ ಉಪಾಯ) ಹಿಡಿದುಕೊಳ್ಳುತ್ತದೆ. ಖರ್ಚು ಲೆಕ್ಕ ಹಾಕಿದರೆ ಹೊಸ 144ರ ಮಾನಿಟರಿಗೆ ಹೋಗುವ ದುಡ್ಡಿನ ಹತ್ತರಲ್ಲೊಂದು ಪಾಲೂ ಇಲ್ಲ. ಆದ ಖರ್ಚೂ ಕೇಬಲ್‌ದು, ಅದರಲ್ಲಿ ಅರ್ಧ ದಂಡ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ: ರೇಂಜಿನ ಮೇಲಿನ ತುದಿ ಎಳೆಯುವುದು, ಅಂದರೆ ಓವರ್‌ಕ್ಲಾಕ್. 80 ಹತ್ತಿತು. 84ರಲ್ಲಿ ಚಿತ್ರ ಬಂತು, ವಿಂಡೋಸ್ ಕೂಡ 84 ಎಂದೇ ತೋರಿಸಿತು. ಆದರೆ ಅದನ್ನು ನಂಬಬಾರದು. ಫ್ರೇಮ್ ಸ್ಕಿಪ್ಪಿಂಗ್ ಪರೀಕ್ಷೆಯ ಚೌಕಗಳನ್ನು ಪರದೆ ಮೇಲೆ ಓಡಿಸಿ, ಫೋನನ್ನು ಅಲುಗಾಡದಂತೆ ಒರಗಿಸಿ, ಶಟರ್ ಸೆಕೆಂಡಿನ ಐದನೇ ಒಂದು ಭಾಗಕ್ಕಿಟ್ಟು ಫೋಟೋ ತೆಗೆಯಿರಿ. 80ರಲ್ಲಿ ಹದಿನಾರು ಚೌಕ ಒಂದಕ್ಕೊಂದು ಅಂಟಿ ಬೆಳಗಿದವು. 84ರಲ್ಲಿ ಸಾಲಿನ ನಡುವೆ ಒಂದು ಕಪ್ಪು ಚೌಕ, ಬಿದ್ದ ಹಲ್ಲಿನ ಸಂದಿಯ ಹಾಗೆ. ಸ್ಕೇಲರ್ (ಮಾನಿಟರಿನೊಳಗೆ ಸಿಗ್ನಲ್ ಸಂಭಾಳಿಸುವ ಚಿಪ್) ಸಿಗ್ನಲ್ ತೆಗೆದುಕೊಳ್ಳುತ್ತದೆ, ಪ್ಯಾನೆಲ್‌ಗೆ ಬಡಿಸುವಾಗ ನಡುವೆ ಒಂದನ್ನು ನುಂಗುತ್ತದೆ. 88ಕ್ಕೆ ಹೋದಾಗ ರೇಂಜ್ ಮೀರಿದೆ ಎಂಬ ಸಂದೇಶ. ಒಂದು ವಾರ ಹೋಯಿತು. ಗೆದ್ದಿದ್ದರೂ ಸಿಗುತ್ತಿದ್ದದ್ದು ಎಷ್ಟು? 75ಕ್ಕೆ ಒಂದು ಫ್ರೇಮ್ 13.3 ಮಿಲಿಸೆಕೆಂಡ್, 84ಕ್ಕೆ 11.9. ಒಂದೂವರೆ ಮಿಲಿಸೆಕೆಂಡ್ ಕೂಡ ಇಲ್ಲ. ನೋವು ಕಾಲಲ್ಲಿ, ಮದ್ದು ತಲೆಗೆ.

ಲೆಕ್ಕ ಇರುವುದು ಕೆಳ ತುದಿಯಲ್ಲಿ. ಎಲ್‌ಎಫ್‌ಸಿ ಏಳಬೇಕಾದರೆ ಮೇಲಿನ ಅಂಕಿ ಕೆಳಗಿನದರ ಎರಡು ಪಟ್ಟಾದರೂ ಇರಬೇಕು. ಎಎಂಡಿ ಮೊದಮೊದಲು ಎರಡೂವರೆ ಪಟ್ಟು ಕೇಳುತ್ತಿತ್ತು. 75ನ್ನು 48ರಿಂದ ಭಾಗಿಸಿದರೆ 1.56, ಎಲ್ಲಿಂದ ಏಳುತ್ತದೆ? 37ಕ್ಕೆ ಇಳಿಸಿದರೆ 2.03. ಕಾಗದದ ಮೇಲೆ ಸಾಕು, ಆಟದಲ್ಲಿ ಸಾಲದು, ಕಾರಣ ಮುಂದೆ ಬರುತ್ತದೆ.

ಕೇಬಲ್ ಪುರಾಣ ಇಲ್ಲೇ ಮುಗಿಸಿಬಿಡುತ್ತೇನೆ. ಮಾನಿಟರ್ ಜೊತೆ ಬಂದದ್ದು ಎಚ್‌ಡಿಎಂಐ. ಫ್ರೀಸಿಂಕ್‌ಗೆ ಬುನಾದಿಯಾದ ಅಡಾಪ್ಟಿವ್ ಸಿಂಕ್, ಪರದೆಗಳ ನಿಯಮ ರೂಪಿಸುವ ಸಂಸ್ಥೆ ವೆಸಾದ ಗುಣಮಟ್ಟಕ್ಕೆ ಸೇರಿದ್ದು 2014ರಲ್ಲಿ, ಡಿಸ್‌ಪ್ಲೇಪೋರ್ಟ್ 1.2ಎ ಜೊತೆ. ಹಳೆಯ ಎಚ್‌ಡಿಎಂಐ ಮೇಲೆ ಓಡುವ ಫ್ರೀಸಿಂಕ್ ಎಎಂಡಿಯದೇ ಸ್ವಂತ ಏರ್ಪಾಡು. 2019ರ ಜನವರಿಯಲ್ಲಿ ಎನ್ವಿಡಿಯಾ ಇಂಥ ಮಾನಿಟರುಗಳಿಗೆ ಬಾಗಿಲು ತೆರೆದದ್ದೂ ಡಿಸ್‌ಪ್ಲೇಪೋರ್ಟ್ ಕಡೆಯಿಂದಲೇ. ಹಾಗಾಗಿ ಡಿಸ್‌ಪ್ಲೇಪೋರ್ಟ್ ಕೇಬಲ್ ಬೇಕೇಬೇಕಾಯಿತು. ಅಗ್ಗದ್ದು ತಂದದ್ದರ ಫಲ: ಪಿಸಿ ಆಫ್ ಮಾಡಿದರೂ ಮದರ್‌ಬೋರ್ಡ್ ಪೂರ್ತಿ ಸಾಯುತ್ತಿರಲಿಲ್ಲ, ಮತ್ತೆ ಆನ್ ಮಾಡಿದರೆ ಏಳುತ್ತಿರಲಿಲ್ಲ. 20ನೇ ಪಿನ್ನಿನ ತಂತಿ ಈ ತುದಿಯಿಂದ ಆ ತುದಿಗೆ ಜೋಡಿಸಿಬಿಟ್ಟಿದ್ದರು. ಅದು 3.3 ವೋಲ್ಟ್ ಪವರ್ ಪಿನ್, ಮಾಮೂಲಿ ಕೇಬಲ್‌ನಲ್ಲಿ ಅದು ತುದಿಯಿಂದ ತುದಿಗೆ ಹೋಗಬಾರದು. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಎರಡೂ ತುದಿಯ 20ನೇ ಪಿನ್ ಮುಟ್ಟಿ ನೋಡಿ, ಕೂಗಿದರೆ ಆ ಕೇಬಲ್ ಬೇಡ. ಎರಡನೆಯದು ಕೂಗಲಿಲ್ಲ, ಅದೇ ಇವತ್ತಿಗೂ ಇದೆ.

ಕೆಲಸ ಪೂರಾ ಸಿಆರ್‌ಯು (ಕಸ್ಟಮ್ ರೆಸೊಲ್ಯೂಷನ್ ಯುಟಿಲಿಟಿ ಎಂಬ ವಿಂಡೋಸ್ ಪ್ರೋಗ್ರಾಂ) ಒಳಗೆ. ತೆರೆಯುವ ಮೊದಲು ಓಎಸ್‌ಡಿಯಲ್ಲಿ (ಮಾನಿಟರಿನ ಸ್ವಂತ ಮೆನು) ಫ್ರೀಸಿಂಕ್ ಆನ್ ಆಗಿರಲಿ. ಆಫ್ ಇದ್ದರೆ ಮಾನಿಟರ್ ಬೇರೆಯೇ ಇಡಿಐಡಿ (ತಾನು ಏನೇನು ಮಾಡಬಲ್ಲೆ ಎಂದು ಪಿಸಿಗೆ ಹೇಳುವ ಮಾಹಿತಿ) ಕೊಡುತ್ತದೆ, ನೀವು ತಿದ್ದಿದ್ದು ಅದರ ಮೇಲೆ ಕೂರುತ್ತದೆ. ಡಿಸ್‌ಪ್ಲೇಪೋರ್ಟ್ ಆದರೆ ರೇಂಜ್ ಲಿಮಿಟ್ಸ್‌ನಲ್ಲಿ ಬದಲಾಯಿಸಿ. ಎಚ್‌ಡಿಎಂಐ ಆದರೆ ಎಕ್ಸ್‌ಟೆನ್ಷನ್ ಬ್ಲಾಕ್ ಒಳಗಿನ ಫ್ರೀಸಿಂಕ್ ರೇಂಜ್‌ನಲ್ಲಿ. ಎಷ್ಟೋ ಜನ ಒಂದು ಕಡೆ ತಿದ್ದಿ ಇನ್ನೊಂದು ಪೋರ್ಟಿಗೆ ಕೇಬಲ್ ಹಾಕಿ "ಆಗಲಿಲ್ಲ" ಎನ್ನುತ್ತಾರೆ. ಪೋರ್ಟ್ ಬದಲಾದರೆ ರಿಜಿಸ್ಟ್ರಿಯಲ್ಲಿ ಬೇರೆ ನಮೂದೇ ಹುಟ್ಟಬಹುದು, ಆಗ ಮೊದಲಿಂದ ಮಾಡಬೇಕು. ಉಳಿಸಿ, ಜೊತೆಗೇ ಬರುವ ರೀಸ್ಟಾರ್ಟ್ ಪ್ರೋಗ್ರಾಂ ಓಡಿಸಿದರೆ ಡ್ರೈವರ್ ಎದ್ದು ಕೂರುತ್ತದೆ. ರೀಬೂಟ್ ಬೇಡ.

ಪರದೆ ಕಪ್ಪಾದರೆ ಗಾಬರಿ ಬೇಡ. ಸೇಫ್ ಮೋಡ್‌ಗೆ ಹೋಗಿ ರೀಸೆಟ್-ಆಲ್ ಓಡಿಸಿದರೆ ಎಲ್ಲ ಮೊದಲಿನಂತೆ. ಸಿಆರ್‌ಯು ಮಾನಿಟರಿನ ಒಳಗೆ ಏನೂ ಬರೆಯುವುದಿಲ್ಲ, ವಿಂಡೋಸಿಗೆ ಹೇಳುವ ಸುಳ್ಳು ಅಷ್ಟೇ. ನನಗೆ ಕಪ್ಪಾದದ್ದು ನಾಲ್ಕು ಸಲವೋ ಐದೋ.

ಕೆಳಗೆ ಇಳಿಸುವಾಗ ಎರಡೆರಡು ಹರ್ಟ್ಜ್‌ನಂತೆ. 46, 44, 42, ಪ್ರತಿ ಮೆಟ್ಟಿಲಿಗೂ ಇಪ್ಪತ್ತು ನಿಮಿಷ. ಪರೀಕ್ಷೆಗೆ ಆಟ ಬೇಡ, ಎಫ್‌ಪಿಎಸ್ ಜಾರಿಸಲು ಬರುವ ಲೋಲಕದ ಡೆಮೋ ಸಾಕು. ಹಿನ್ನೆಲೆ ನಡು-ಬೂದು ಬಣ್ಣ. ಬಿಳಿಯಲ್ಲೂ ಕಪ್ಪಿನಲ್ಲೂ ದೋಷ ಅಡಗುತ್ತದೆ, ಬೂದು ಎಲ್ಲ ಹೇಳಿಬಿಡುತ್ತದೆ. ನೆನಪಿರುವ ಮಟ್ಟಿಗೆ 40ರವರೆಗೆ ಶುದ್ಧ. 36ರಲ್ಲಿ ಬೂದು ಸಣ್ಣಗೆ ಉಸಿರಾಡಲು ಶುರು. 34ರಲ್ಲಿ ಕಣ್ಣಿಗೆ ಹೊಡೆಯುವ ಮಿನುಗು. ಆಸೆಗೆ ಒಮ್ಮೆಲೇ 30 ಹಾಕಿದಾಗ ಮೂರು ನಾಲ್ಕು ಸೆಕೆಂಡಿಗೊಮ್ಮೆ ಚಿತ್ರ ಹೋಗಿ ಬರುತ್ತಿತ್ತು. ಎಲ್‌ಸಿಡಿ ಪಿಕ್ಸೆಲ್ ಒಂದು ರಿಫ್ರೆಶ್‌ನಿಂದ ಮುಂದಿನದರವರೆಗೆ ಚಾರ್ಜ್ ಹಿಡಿದಿಟ್ಟುಕೊಳ್ಳಬೇಕು. ಕಾಯುವ ಹೊತ್ತು ಉದ್ದವಾದಷ್ಟೂ ಸೋರಿಕೆ, ಹೊಳಪು ಇಳಿಯುತ್ತದೆ, ಹೊಸ ಫ್ರೇಮ್ ಬಂದಾಗ ಮತ್ತೆ ಏರುತ್ತದೆ. ವಿಎ ಎಂಬ ಬಗೆಯ ಎಲ್‌ಸಿಡಿ ಪ್ಯಾನೆಲ್‌ಗಳಲ್ಲಿ ಇದು ಇನ್ನೂ ಜೋರು. ನನ್ನದು ಐಪಿಎಸ್ ಬಗೆ, ಅಷ್ಟು ಪುಣ್ಯ.

36–75 ಇಟ್ಟರೆ 2.08, ಎಲ್‌ಎಫ್‌ಸಿ ಎದ್ದಿತು. ಆದರೆ ಓಡಾಟ ನುಣುಪಿಲ್ಲ. ಹುಡುಕಿದಾಗ ಸಿಕ್ಕ ಕಾರಣ ಇದು. ಆಟ 35 ಎಫ್‌ಪಿಎಸ್ ಕೊಡುತ್ತಿದೆ ಅನ್ನಿ, ಫ್ರೇಮಿಗೆ 28.6 ಮಿಲಿಸೆಕೆಂಡ್. ಡ್ರೈವರ್ ನಡುವೆ, 14.3ರ ಹತ್ತಿರ, ಹಳೆಯ ಫ್ರೇಮನ್ನು ಇನ್ನೊಮ್ಮೆ ತೋರಿಸುತ್ತದೆ. ಒಮ್ಮೆ ತೋರಿಸಲು ಶುರು ಮಾಡಿದರೆ 13.3 ಮಿಲಿಸೆಕೆಂಡ್ ಮಾನಿಟರ್ ಬ್ಯುಸಿ. ಅಂದರೆ 27.6ರ ತನಕ ಬಾಗಿಲು ಮುಚ್ಚಿದೆ, ಮುಂದಿನ ಫ್ರೇಮ್ ಬರಬೇಕಾದದ್ದು 28.6ಕ್ಕೆ. ಒಂದೇ ಒಂದು ಮಿಲಿಸೆಕೆಂಡ್ ಜಾಗ. ಆಟದ ಫ್ರೇಮ್‌ಟೈಮ್ ಅಷ್ಟು ಶಿಸ್ತಾಗಿ ಎಲ್ಲಿರುತ್ತದೆ? ಎರಡು ಮಿಲಿಸೆಕೆಂಡ್ ಮುಂಚೆ ಬಂದ ಫ್ರೇಮ್ ಹೊರಗೇ ನಿಲ್ಲುತ್ತದೆ, ಅದೇ ಜರ್ಕ್. ಎರಡೂವರೆ ಪಟ್ಟು ಕೇಳಿದ್ದು ಸುಮ್ಮನೆ ಅಲ್ಲ.

ಜಾಗ ಹೆಚ್ಚಿಸಲು ಎರಡೇ ದಾರಿ. ಇನ್ನೂ ಕೆಳಗಿಳಿದರೆ ಮಿನುಗು. ಹಾಗಾದರೆ ಮೇಲೆ ಮೂರು ಹರ್ಟ್ಜ್ ಏರಿಸಿದರೆ? ಹಿಂದೆ ವ್ಯರ್ಥ ಅಂದುಕೊಂಡ ಓವರ್‌ಕ್ಲಾಕ್ ಇಲ್ಲಿ ಕೈ ಹಿಡಿಯಿತು. 78ಕ್ಕೆ ಒಂದು ರಿಫ್ರೆಶ್ 12.8 ಮಿಲಿಸೆಕೆಂಡ್, ಬಾಗಿಲು ಅರ್ಧ ಮಿಲಿಸೆಕೆಂಡ್ ಬೇಗ ತೆರೆಯುತ್ತದೆ. ಜೊತೆಗೆ ಕೆಳ ತುದಿಯನ್ನು 36ರಿಂದ 38ಕ್ಕೆ ವಾಪಸ್ ಏರಿಸಬಹುದು, ಅನುಪಾತ 2.05ರಲ್ಲೇ ಇರುತ್ತದೆ, ಬೂದಿನ ಉಸಿರಾಟ ಹೋಗುತ್ತದೆ. ಇದನ್ನು ಹೇಳಿದಾಗ ನಕ್ಕವರಲ್ಲಿ ಇಬ್ಬರು ಈಗ ತಮ್ಮ ಮಾನಿಟರಿಗೂ ಇದನ್ನೇ ಹಾಕಿಕೊಂಡಿದ್ದಾರೆ.

78ಕ್ಕೆ ಸಿಆರ್‌ಯು ಒಳಗಿನ ಡಿಟೇಲ್ಡ್ ರೆಸೊಲ್ಯೂಷನ್ ಪಟ್ಟಿಯ ಮೊದಲ ಸ್ಥಾನದಲ್ಲಿ 1920×1080 ಹೊಸದಾಗಿ ಸೇರಿಸಬೇಕು, ಟೈಮಿಂಗ್ ರೆಡ್ಯೂಸ್ಡ್ ಬ್ಲಾಂಕಿಂಗ್ (ಗೆರೆಗಳ ಮತ್ತು ಫ್ರೇಮುಗಳ ನಡುವಿನ ಖಾಲಿ ಹೊತ್ತು, ಅಂದರೆ ಬ್ಲಾಂಕಿಂಗ್, ಕಡಿಮೆ ಇರುವ ಬಗೆ). ಖಾಲಿ ಭಾಗವೂ ಸೇರಿ ಅಡ್ಡ ಒಟ್ಟು 2080, ಲಂಬ ಒಟ್ಟು 1120ರ ಆಸುಪಾಸು, ಪಿಕ್ಸೆಲ್ ಕ್ಲಾಕ್ (ಸೆಕೆಂಡಿಗೆ ಕಳಿಸುವ ಪಿಕ್ಸೆಲ್ ಎಣಿಕೆ) 180 ಮೆಗಾಹರ್ಟ್ಜ್‌ನಷ್ಟು. ರೇಂಜ್ ಲಿಮಿಟ್ಸ್‌ನಲ್ಲಿ ಮೇಲಿನ ಅಂಕಿ 78 ಆಗಿರಬೇಕು, ಅಲ್ಲೇ ಇರುವ ಕಿಲೋಹರ್ಟ್ಜ್ ಮಿತಿಯನ್ನೂ (ಸೆಕೆಂಡಿಗೆ ಎಷ್ಟು ಸಾವಿರ ಗೆರೆ) ನೋಡಿಕೊಳ್ಳಿ. 1120 ಗೆರೆ ಗುಣಿಸು 78 ಅಂದರೆ 87 ಕಿಲೋಹರ್ಟ್ಜ್ ದಾಟುತ್ತದೆ, ಕೆಲವು ಸ್ಕೇಲರ್‌ಗಳು ಇದಕ್ಕೇ ಮುನಿಸಿಕೊಳ್ಳುತ್ತವೆ. ಆಗ ಲಂಬ ಬ್ಲಾಂಕಿಂಗ್ ಕಡಿಮೆ ಮಾಡಿ ಗೆರೆ ಉಳಿಸಬೇಕು. ನಾನು ಎಷ್ಟು ಗೆರೆ ಕಳೆದೆ, ಫ್ರಂಟ್ ಪೋರ್ಚ್‌ನಿಂದಲೋ ಬ್ಯಾಕ್ ಪೋರ್ಚ್‌ನಿಂದಲೋ (ಎರಡೂ ಬ್ಲಾಂಕಿಂಗ್‌ನ ಭಾಗಗಳು) ಎಂಬುದು ನನ್ನಲ್ಲೇ ಇರಲಿ. ಅಂಕಿ ನಕಲು ಮಾಡಿದರೆ ನಿಮ್ಮ ಪ್ಯಾನೆಲ್‌ಗೆ ಹೊಂದುವುದೂ ಇಲ್ಲ.

ಅಂದಹಾಗೆ ರೇಟ್ ಇಳಿದಾಗ ಗೆರೆಗಳ ವೇಗ ಇಳಿಯುವುದಿಲ್ಲ, ಇದು ತಲೆಗೆ ಹೋದರೆ ಉಳಿದದ್ದು ಸುಲಭ. 38 ಹರ್ಟ್ಜ್‌ನಲ್ಲೂ ಚಿತ್ರ ಅದೇ 78ರ ವೇಗದಲ್ಲಿ ಬಿಡಿಸಿ ಮುಗಿಯುತ್ತದೆ. ಒಟ್ಟು ಗೆರೆ 2300ರ ಹತ್ತಿರ ಹಿಗ್ಗುತ್ತದೆ, ಕಾಣುವುದು 1080, ಉಳಿದ 1200 ಚಿಲ್ಲರೆ ಬರೀ ಕಾಯುವಿಕೆ.

ಎಫ್‌ಪಿಎಸ್ ಕ್ಯಾಪ್ (ಮೇಲ್ಮಿತಿ) ಮರೆತರೆ ಇಷ್ಟೆಲ್ಲ ನೀರಿನಲ್ಲಿ ಹೋಮ. 78 ಮುಟ್ಟಿದ ಕೂಡಲೇ ಅಡಾಪ್ಟಿವ್ ಸಿಂಕ್ ಜಾಗದಲ್ಲಿ ವಿ-ಸಿಂಕ್ ಬಂದು ಇನ್‌ಪುಟ್ ಲ್ಯಾಗ್ (ಒತ್ತಿದ್ದು ಪರದೆಗೆ ಬರುವ ತಡ) ಕೂರುತ್ತದೆ. ಮೂರು ಕಡಿಮೆ ಇಡುವುದು ರೂಢಿ, ನಾನೂ 75 ಇಟ್ಟಿದ್ದೇನೆ. ಹೆಚ್ಚು ಹರ್ಟ್ಜ್‌ನವರಿಗೆ ಮೂರು ಸಾಲದು: ರೇಟಿನ ವರ್ಗವನ್ನು 3600ರಿಂದ ಭಾಗಿಸಿ ಬಂದದ್ದನ್ನು ಕಳೆಯಿರಿ, 144ಕ್ಕೆ 138, 240ಕ್ಕೆ 224. ಆಟದೊಳಗೇ ಕ್ಯಾಪ್ ಇದ್ದರೆ ಅದೇ ಮೇಲು, ಇಲ್ಲದಿದ್ದರೆ ರಿವಾಟ್ಯೂನರ್ ಎಂಬ ಪ್ರೋಗ್ರಾಂ. ವಿ-ಸಿಂಕ್ ಡ್ರೈವರಿನಲ್ಲಿ ಆನ್, ಆಟದಲ್ಲಿ ಆಫ್. ಓವರ್‌ಡ್ರೈವ್ (ಪಿಕ್ಸೆಲ್ ಬೇಗ ಬದಲಾಗಲೆಂದು ಮಾನಿಟರ್ ಹಾಕುವ ಒತ್ತಡ) ಒಂದು ಮೆಟ್ಟಿಲು ಇಳಿಸಿ. ಅದನ್ನು 75ಕ್ಕೆ ಹದ ಮಾಡಿರುತ್ತಾರೆ, 40ಕ್ಕೆ ಇಳಿದಾಗ ಅದೇ ಒತ್ತಡ ಜಾಸ್ತಿಯಾಗಿ ಓಡುವ ವಸ್ತುವಿನ ಹಿಂದೆ ಬಿಳಿ ಬಾಲ ಕಾಣಿಸುತ್ತದೆ.

ದಾರಿ ತಪ್ಪಿ ಮಾಡಿದ ಎರಡು ಪ್ರಯೋಗ. ಸಿನಿಮಾಗೆ 72 ಹರ್ಟ್ಜ್‌ನ ಇನ್ನೊಂದು ಮೋಡ್ ಸೇರಿಸಿದೆ. 24 ಫ್ರೇಮಿನ ಚಿತ್ರಕ್ಕೆ 75 ಸಮವಾಗಿ ಭಾಗವಾಗದು, 72 ಸರಿಯಾಗಿ ಮೂರು ಪಟ್ಟು. ನಿಧಾನಕ್ಕೆ ಸಾಗುವ ಕ್ಯಾಮೆರಾ ಚಲನೆಯಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಎರಡನೆಯದು ಬೇರೆ ಪಿಸಿಯ 144ರ ಮಾನಿಟರ್. ಸುಮ್ಮನೆ ಕೂತಾಗಲೂ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಕ್ಲಾಕ್ ಇಳಿಯದೆ ಮೂವತ್ತು ಚಿಲ್ಲರೆ ವಾಟ್ ತಿನ್ನುತ್ತಿತ್ತು. ಕ್ಲಾಕ್ ಬದಲಿಸಲು ಬ್ಲಾಂಕಿಂಗ್ ಹೊತ್ತು ಸಾಲದೇ ಆಗುವ ಕಥೆ ಇದು. ಲಂಬ ಒಟ್ಟು ಹಿಗ್ಗಿಸಿದ ಮೇಲೆ ಹದಿಮೂರು ಹದಿನಾಲ್ಕಕ್ಕೆ ಬಂತು. ಡೆಸ್ಕ್‌ಟಾಪನ್ನು 120ಕ್ಕೆ ಇಳಿಸಿದರೂ ಅದೇ ಫಲ, ಅದು ಸೋಮಾರಿಗಳ ದಾರಿ. ದಿನವಿಡೀ ಆನ್ ಇರುವ ಪಿಸಿಯಾದರೆ ಕೇಬಲ್ ದಂಡ ಕರೆಂಟ್ ಬಿಲ್‌ನಲ್ಲೇ ವಸೂಲಿ.

ಲೋಡಿಂಗ್ ಪರದೆಯ ಮಿನುಗು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಅಲ್ಲಿ ಎಫ್‌ಪಿಎಸ್ 75ರಿಂದ 10ಕ್ಕೂ ಮತ್ತೆ ಮೇಲಕ್ಕೂ ಹಾರುತ್ತದೆ, ರೇಟ್ ಅದರ ಹಿಂದೆ ಓಡುತ್ತದೆ, ಹೊಳಪು ಅದರ ಹಿಂದೆ. ಒಂದು ಹಳೆಯ ಆಟದಲ್ಲಿ ಮೆನು ಕೂಡ ಹೀಗೇ ಕುಣಿಯುತ್ತದೆ, ಅದೊಂದಕ್ಕೆ ಡ್ರೈವರ್ ಪ್ರೊಫೈಲ್‌ನಲ್ಲಿ ಸಿಂಕ್ ಆಫ್ ಮಾಡಿ 60ಕ್ಕೆ ಕಟ್ಟಿಹಾಕಿದ್ದೇನೆ.